ಹೆಂಚು ನೀರು ಕುಡಿಯುತ್ತೆ, ಪುಡಿ ಹೊರಗೇ ಉಳಿಯುತ್ತೆ

ಸಣ್ಣ ರಂಧ್ರಗಳಿರುವ ವಸ್ತುವನ್ನು ಪುಡಿ ಕಲಸಿದ ನೀರಿಗೆ ಅದ್ದಿ ಮೇಲೆ ಪದರ ಕಟ್ಟಿಸೋದನ್ನ ಕಲೀತಿದ್ದೀನಿ. ಸುಣ್ಣ ಬಳಿದು ಗೊತ್ತಿರುವವರಿಗೆ ಈ ಪಾಠ ಅರ್ಧ ಬಂದ ಹಾಗೆ. ಒಣ ಗೋಡೆಗೆ ಮೊದಲು ನೀರು ಚಿಮುಕಿಸ್ತೀವಿ, ಸುಣ್ಣಕ್ಕೆ ಅಂಟು ಬೆರೆಸ್ತೀವಿ. ಇಲ್ಲದಿದ್ದರೆ ಒರಗಿದವರ ಅಂಗಿಯೆಲ್ಲ ಬಿಳಿ.

ನಾನು ಅಭ್ಯಾಸಕ್ಕೆ ತೆಗೆದುಕೊಂಡದ್ದು ಮಾಲೂರಿನ ಹೆಂಚಿನ ಚೂರು ಮತ್ತು ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಪುಡಿ ಕಲಸಿದ ನೀರು. (ಒಣಗುವವರೆಗೆ ಮಾತ್ರ. ಅಲ್ಯೂಮಿನಾ ಬಿಗಿಯಾಗಿ ಬೇಯಲು ಸುಮಾರು 1500 ಡಿಗ್ರಿ ಬೇಕು, ಹೆಂಚು ಅಷ್ಟಕ್ಕೆ ತಡೆಯಲ್ಲ.) ಅದ್ದಿದ ತಕ್ಷಣ ಹೆಂಚಿನ ಸಣ್ಣ ರಂಧ್ರಗಳು ನೀರನ್ನು ಎಳೆದುಕೊಳ್ಳುತ್ತವೆ. ಪುಡಿ ಹೊರಗೆ ನಿಂತು ಪದರ ಕಟ್ಟುತ್ತದೆ. ಆಮೇಲೆ ಬರುವ ನೀರು ಈ ಪದರವನ್ನೇ ದಾಟಬೇಕು. ಅದಕ್ಕೇ 10 ಸೆಕೆಂಡಿನ ದಪ್ಪ ಎರಡರಷ್ಟಾಗಲು 20 ಸಾಲದು, 40 ಸೆಕೆಂಡು ಬೇಕು.

ಈಗ ನಾನು ಎಡವಿದ ಜಾಗ: ಡಿಸ್ಪರ್ಸೆಂಟ್, ಅಂದರೆ ಕಣಗಳು ಗುಂಪು ಕಟ್ಟದಂತೆ ಬಿಡಿಸಿಡುವ ವಸ್ತು. ಅಲ್ಯೂಮಿನಾ ಕಣಗಳ ಚಾರ್ಜ್ ಪಿಎಚ್ 9ರ ಆಸುಪಾಸಿನಲ್ಲಿ ಸೊನ್ನೆ, ಆಗ ಗುಂಪು ಕಟ್ಟುತ್ತವೆ. ಅಮೋನಿಯಂ ಪಾಲಿಅಕ್ರಿಲೇಟ್ ಹಾಕಿದರೆ ಅದು ಕಣಕ್ಕೆ ಅಂಟಿ ಋಣ ಚಾರ್ಜ್ ಕೊಡುತ್ತದೆ. ಕಣಗಳು ಒಂದನ್ನೊಂದು ತಳ್ಳುತ್ತವೆ, ದ್ರವ ತೆಳ್ಳಗಾಗುತ್ತದೆ. ಚೆನ್ನಾಗಿ ಬಿಡಿಸಿದರೆ ಪದರವೂ ದಪ್ಪ ಬರುತ್ತೆ ಅಂದುಕೊಂಡಿದ್ದೆ. ಆದದ್ದು ಉಲ್ಟಾ! ಬಿಡಿ ಕಣಗಳು ಒತ್ತಾಗಿ ಕೂರುತ್ತವೆ, ನೀರಿಗೆ ದಾರಿ ಇಲ್ಲ, ಪದರ ನಿಧಾನ ಬೆಳೆಯುತ್ತದೆ. ಗುಂಪು ಕಟ್ಟಿದ ಕಣಗಳದ್ದು ಸಡಿಲ ಪದರ. ಬೇಗ ದಪ್ಪ ಆಗುತ್ತೆ, ಆದರೆ ಒಣಗುವಾಗ ಜಾಸ್ತಿ ಕುಗ್ಗಿ ಕೆರೆ ತಳದ ಮಣ್ಣಿನಂತೆ ಬಿರಿಯುತ್ತದೆ. ಡಿಸ್ಪರ್ಸೆಂಟ್ ಅತಿಯಾದರೂ ದ್ರವ ಮತ್ತೆ ಗಟ್ಟಿಯಾಗುತ್ತದೆ, ಹುಷಾರು.

ಅಂಟು ಅಂದರೆ ಇಲ್ಲಿ ಪಿವಿಎ, ಪಾಲಿವಿನೈಲ್ ಆಲ್ಕೋಹಾಲ್ ಪುಡಿ. ರಾಗಿ ಅಂಬಲಿಯ ಹಾಗೇ: ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಆಮೇಲೆ ಬಿಸಿ ಮಾಡ್ತೀವಲ್ವಾ, ಇದನ್ನೂ ತಣ್ಣೀರಿಗೆ ಹಾಕಿ ಕಲಕುತ್ತಾ 90 ಡಿಗ್ರಿಯ ತನಕ ಕಾಯಿಸಿ. ಬಿಸಿನೀರಿಗೆ ಸುರಿದರೆ ಗಂಟು. ಇದು ಒಣ ಪದರವನ್ನು ಹಿಡಿದಿಡುತ್ತದೆ, ಬಿರುಕು ತಗ್ಗಿಸುತ್ತದೆ. ದ್ರವ ಮಂದವಾಗುವುದರಿಂದ ಹೆಂಚು ಕುಡಿಯುವುದೂ ನಿಧಾನ. ಪದರ ತೀರಾ ಬಿರುಸಾದರೆ ಚೂರು ಗ್ಲಿಸರಿನ್. ಹೆಂಚಿನ ಬದಲು ಶಾಖ ತಡೆಯುವ ವಸ್ತುವಿನ ಮೇಲೆ ಪದರ ಕಟ್ಟಿ ಸುಡುವುದಾದರೆ ಅವಸರ ಬೇಡ. 500 ಡಿಗ್ರಿ ದಾಟುವವರೆಗೆ ನಿಮಿಷಕ್ಕೆ 1–2 ಡಿಗ್ರಿ ಸಾಕು, ಇಲ್ಲದಿದ್ದರೆ ಅಂಟಿನ ಹೊಗೆ ಪದರವನ್ನು ಎಬ್ಬಿಸುತ್ತದೆ.

ನನ್ನ ಮೊದಲ ಚೂರಿನ ತುಂಬ ಸೂಜಿಮೊನೆಯಷ್ಟು ತೂತು. ಪಿವಿಎ ನೊರೆ ಅಂದುಕೊಂಡು ನೊರೆ ಇಳಿಸುವ ಆಕ್ಟನಾಲ್ ಒಂದೆರಡು ಹನಿ ಹಾಕಿದೆ. ಅರ್ಧ ಹೋಯಿತು. ಉಳಿದರ್ಧ? ಬರೀ ಹೆಂಚನ್ನು ಬರೀ ನೀರಿಗೆ ಅದ್ದಿ ನೋಡಿದೆ, ಸುಮ್ನೆ. ಬುಳಬುಳ ಗುಳ್ಳೆ. ಒಳಗಿನ ಗಾಳಿ! ಹೆಂಚನ್ನು ಮೊದಲೇ ನೆನೆಸಿದರೆ ಗಾಳಿ ಹೋಗುತ್ತೆ, ಆದರೆ ಪೂರ್ತಿ ನೆನೆದ ಹೆಂಚು ಮತ್ತೆ ನೀರು ಕುಡಿಯಲ್ಲ, ಪದರವೂ ಕಟ್ಟಲ್ಲ. ಸುಣ್ಣದವರ ಹಾಗೆ ಚಿಮುಕಿಸಿ ಅರ್ಧ ನಿಮಿಷ ಬಿಟ್ಟ ಚೂರೇ ಸದ್ಯಕ್ಕೆ ಚೆನ್ನಾಗಿ ಬಂದಿದೆ.