ಹಮ್: ಹಳೆ ವಾಲ್ವ್ ರೇಡಿಯೊದ ಗುಂಯ್ ಸದ್ದು

ರೇಡಿಯೊ ರಿಪೇರಿಯವರು ‘ಹಮ್ ಬರ್ತದ’ ಅನ್ನುವುದು ಸ್ಪೀಕರಿನಲ್ಲಿ ಒಂದೇ ಶ್ರುತಿಗೆ ಎಡೆಬಿಡದೆ ಕೇಳುವ ಗುಂಯ್ ಸದ್ದಿಗೆ. ಮಿಂಚು ಹೊಡೆದಾಗಿನ ಕರಕರ ಬೇರೆ, ವಾಲ್ಯೂಮ್ ತಿರುವಿದಾಗಿನ ಪರಪರ ಬೇರೆ. ಹಮ್ ಎಂದರೆ ಮನೆಯ ಕರೆಂಟೇ ಹಾಡಿನೊಳಗೆ ನುಸುಳಿದ್ದು.

ನಮಗೆ ಬರುವುದು 230 ವೋಲ್ಟಿನ, 50 ಹರ್ಟ್ಜ್‌ನ ಎಸಿ, ಅಂದರೆ ಸೆಕೆಂಡಿಗೆ 50 ಸಲ ಹಿಂದೆಮುಂದೆ ಆಡುವ ಕರೆಂಟು. ವಾಲ್ವ್‌ಗೆ (ಹಳೆ ರೇಡಿಯೊದೊಳಗಿನ, ಗಾಳಿ ತೆಗೆದ ಗಾಜಿನ ಬುರುಡೆಗೆ) ಬೇಕಾದದ್ದು ಒಂದೇ ದಿಕ್ಕಿಗೆ ಹರಿಯುವ ಡಿಸಿ. ರೆಕ್ಟಿಫೈಯರ್ ವಾಲ್ವ್ ಅದನ್ನು ಡಿಸಿ ಮಾಡಿದರೂ ಏರಿಳಿತ ಉಳಿದೇ ಇರುತ್ತದೆ. ಅದನ್ನು ಸಮ ಮಾಡುವುದು ಫಿಲ್ಟರ್ ಕಂಡೆನ್ಸರ್. ನಳದ ನೀರು ಬಿಟ್ಟುಬಿಟ್ಟು ಬಂದರೂ ತೊಟ್ಟಿ ತುಂಬಿದ್ದರೆ ಮನೆಗೆ ನೀರು ತಪ್ಪುವುದಿಲ್ಲವಲ್ಲ, ಹಾಗೆ. ಈ ಕಂಡೆನ್ಸರಿನೊಳಗಿನ ದ್ರವ ವರ್ಷಗಳು ಕಳೆದಂತೆ ಒಣಗುತ್ತದೆ, ಕಾವಿದ್ದಲ್ಲಿ ಬೇಗನೆ ಒಣಗುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರು, ಬಳ್ಳಾರಿ ಕಡೆ ತಗಡಿನ ಕೆಳಗೆ ಅಟ್ಟದ ಮೇಲೆ ಬಿದ್ದಿದ್ದ ಸೆಟ್ಟು ಸಿಕ್ಕರೆ ನಾನು ಮೊದಲು ನೋಡುವುದೇ ಈ ಅಲ್ಯುಮಿನಿಯಂ ಡಬ್ಬಿಯನ್ನು: ತಲೆ ಉಬ್ಬಿದೆಯಾ, ಬುಡದಲ್ಲಿ ಬಿಳಿ ಪುಡಿ ಕಟ್ಟಿದೆಯಾ? ಕಣ್ಣಿಗೆ ಚೆನ್ನಾಗಿ ಕಂಡರೂ ನಂಬಬೇಡಿ. ಅಂಥ ಸೆಟ್ಟನ್ನು ನೇರವಾಗಿ ಪ್ಲಗ್ಗಿಗೆ ಹಾಕದೆ ಸೀರೀಸ್ ಬಲ್ಬ್ (ಕರೆಂಟಿನ ದಾರಿಯಲ್ಲೇ ಕೂಡಿಸಿ, ಹೆಚ್ಚು ಕರೆಂಟು ಹರಿಯದಂತೆ ತಡೆಯುವ ತಂತಿ ಬಲ್ಬು) ಇಟ್ಟೇ ಆನ್ ಮಾಡಬೇಕು.

ಡಬ್ಬಿ ಬದಲಿಸಿದ ಮೇಲೂ ಗುಂಯ್ ಅಂದರೆ ಸಿಕ್ಕಿದ್ದೆಲ್ಲ ಕಿತ್ತುಹಾಕಲು ಹೋಗಬೇಡಿ, ಕಿವಿಗೊಟ್ಟು ಕೇಳಿ. ವಾಲ್ಯೂಮ್ ಪೂರ್ತಿ ಇಳಿಸಿ. ಆಗಲೂ ಹಮ್ ಇದ್ದರೆ ದೋಷ ಹೆಚ್ಚಾಗಿ ಪವರ್ ಸಪ್ಲೈ ಅಥವಾ ಔಟ್‌ಪುಟ್ ಕಡೆಗಿದೆ. ವಾಲ್ಯೂಮಿನೊಂದಿಗೇ ಇಳಿದರೆ ವಾಲ್ಯೂಮ್ ಕಂಟ್ರೋಲಿಗಿಂತ ಹಿಂದಿನ ಭಾಗದ್ದು. ವಾಲ್ಯೂಮ್ ಕಂಟ್ರೋಲಿಗೆ ಹೋಗುವ ಶೀಲ್ಡ್ ವೈರಿನ ಅರ್ಥ್ ಬಿಟ್ಟಿದೆಯೇ ನೋಡಿ. ಶ್ರುತಿಯೂ ಸುಳಿವು ಕೊಡುತ್ತದೆ. ಎಸಿ ಅಲೆಯ ಎರಡೂ ಅರ್ಧಗಳನ್ನು ಡಿಸಿ ಮಾಡುವ ಫುಲ್‌ವೇವ್ ಸೆಟ್ಟಿನಲ್ಲಿ ಫಿಲ್ಟರ್ ಸೋತರೆ ಕೇಳುವುದು 100 ಹರ್ಟ್ಜ್. ವಾಲ್ವಿನೊಳಗಿನ ಕಾವು ಕೊಡುವ ತಂತಿಯಾದ ಹೀಟರ್‌ನಿಂದ, ಅದು ಕಾಯಿಸುವ ಕ್ಯಾಥೋಡಿಗೆ ಕರೆಂಟು ಸೋರಿಕೆಯಾದರೆ ಮುಖ್ಯವಾಗಿ 50 ಹರ್ಟ್ಜ್, ಒಂದು ಸಪ್ತಕ ಕೆಳಗೆ. ಸಂಗೀತ ಬಲ್ಲವರ ಕಿವಿಗೆ ಇದು ತಟ್ಟನೆ ಹತ್ತುತ್ತದೆ. ಅಲೆಯ ಒಂದೇ ಅರ್ಧ ಬಳಸುವ ಹಾಫ್‌ವೇವ್ ಸೆಟ್ಟಿನಲ್ಲಿ ಮಾತ್ರ ಫಿಲ್ಟರ್ ದೋಷವೂ 50 ಹರ್ಟ್ಜ್‌ನದೇ.

ಧಾರವಾಡದ 765 ಕಿಲೋಹರ್ಟ್ಜ್ ಹಿಡಿದಾಗ ಮಾತ್ರ ಗುಂಯ್ ಅಂದು, ಮುಳ್ಳು ಪಕ್ಕಕ್ಕೆ ಸರಿದರೆ ನಿಂತುಹೋಗುತ್ತದೆಯೇ? ಅದು ಮಾಡ್ಯುಲೇಷನ್ ಹಮ್, ಸ್ಟೇಷನ್ನಿನ ಅಲೆಯ ಮೇಲೇ ಕೂತು ಬರುವ ಗುಂಯ್. ಮೇನ್ಸ್ (ಮನೆಯ ಕರೆಂಟು) ಬರುವ ಕಡೆಯ ಸಣ್ಣ ಬೈಪಾಸ್ ಕಂಡೆನ್ಸರ್ ನೋಡಿ. ಅಲ್ಲಿಗೆ ಮೇನ್ಸ್‌ಗೆಂದೇ ಮಾಡಿದ ಸೇಫ್ಟಿ ಕಂಡೆನ್ಸರನ್ನೇ ಹಾಕಬೇಕು. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರಿನ ಬುರ್ರ್ ಸದ್ದನ್ನು ಹಮ್ ಅನ್ನಲಾಗದು. ಅವನ್ನು ಆಫ್ ಮಾಡಿದರೆ ಗೊತ್ತಾಗುತ್ತದೆ.

ಚಾಸಿಗೆ (ಭಾಗಗಳನ್ನು ಕೂರಿಸಿದ ಲೋಹದ ತಟ್ಟೆಗೆ) ಕೈ ಹಾಕುವ ಮುನ್ನ ಪ್ಲಗ್ ಕಿತ್ತು, ಫಿಲ್ಟರಿನಲ್ಲಿ ಉಳಿದ ಕರೆಂಟನ್ನು ರೆಸಿಸ್ಟರ್ ಮೂಲಕ ಇಳಿಸಿ, ಮೀಟರಿನಲ್ಲಿ ನೋಡಿಕೊಳ್ಳಿ. ಟ್ರಾನ್ಸ್‌ಫಾರ್ಮರ್ ಇಲ್ಲದ ಎಸಿ-ಡಿಸಿ ಸೆಟ್ಟಾದರೆ ಚಾಸಿಗೇ ಫೇಸ್ ಬಂದಿರಬಹುದು; ಅದನ್ನು ಮೇನ್ಸಿನಿಂದ ಸೆಟ್ಟನ್ನು ಬೇರ್ಪಡಿಸುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಬಿಚ್ಚಲೇಬೇಡಿ.

ಎಲ್ಲ ಸರಿಯಿದ್ದರೂ ಸ್ಪೀಕರಿಗೆ ಕಿವಿ ಹಚ್ಚಿದರೆ ಸಣ್ಣಗೆ ಗುಂಯ್ ಕೇಳುವುದುಂಟು. ಕಂಪನಿಯಿಂದ ಬಂದಾಗಲೂ ಇದ್ದದ್ದೇ ಅದು. ಅಷ್ಟನ್ನೂ ಅಡಗಿಸಲೆಂದು ದೊಡ್ಡ ಕಂಡೆನ್ಸರ್ ಕೂರಿಸಬೇಡಿ: ಇಜಡ್ 80 (EZ80) ರೆಕ್ಟಿಫೈಯರ್ ವಾಲ್ವಿನ ನಂತರದ ಮೊದಲ ಕಂಡೆನ್ಸರ್ 50 ಮೈಕ್ರೊಫ್ಯಾರಡ್ ಮೀರಬಾರದು, ಮೀರಿದರೆ ವಾಲ್ವೇ ಹೋಗುತ್ತದೆ.