ಮೊನೊಜೆಟ್ ಟಿಪ್ಪಣಿ: ಕಾಣದ ಕಣ ಹಿಡಿಯಲು ಕಾಣುವ ಜೆಟ್ ಯಾಕೆ?

ಪ್ರೋಟಾನ್‌ಗಳನ್ನು ಡಿಕ್ಕಿ ಹೊಡೆಸುವ ಸರ್ನ್‌ನ ಎಲ್‌ಎಚ್‌ಸಿ ಯಂತ್ರದಲ್ಲಿ ಕಪ್ಪುದ್ರವ್ಯದ (ಬೆಳಕಿಗೆ ಕಾಣದ, ಗುರುತ್ವದಿಂದಷ್ಟೇ ಇರವು ತಿಳಿದಿರುವ ದ್ರವ್ಯ) ಕಣಗಳು ಹುಟ್ಟಿದರೂ ಡಿಟೆಕ್ಟರ್‌ನಲ್ಲಿ ಗುರುತು ಬಿಡುವುದಿಲ್ಲ. ಹಾಗಾಗಿ ಅಲ್ಲಿನ ಎರಡು ದೊಡ್ಡ ಪ್ರಯೋಗಗಳಾದ ಅಟ್ಲಾಸ್, ಸಿಎಂಎಸ್ ಹುಡುಕುವುದು ಲೆಕ್ಕಕ್ಕೆ ಸಿಗದ ಸಂವೇಗವನ್ನು.

ಅದೂ ಕಿರಣಕ್ಕೆ ಅಡ್ಡದಿಕ್ಕಿನದು ಮಾತ್ರ. ಡಿಕ್ಕಿಯಾಗುವುದು ಪ್ರೋಟಾನ್‌ನೊಳಗಿನ ಒಂದು ಕ್ವಾರ್ಕ್ ಅಥವಾ ಗ್ಲುವಾನ್, ಪ್ರೋಟಾನ್‌ನ 6.8 ಟಿಇವಿ ಶಕ್ತಿಯಲ್ಲಿ (1 ಟಿಇವಿ ಎಂದರೆ 1,000 ಜಿಇವಿ; ಇಲ್ಲಿ ಸಂವೇಗವನ್ನೂ ಇದರಲ್ಲೇ ಅಳೆಯುತ್ತಾರೆ) ಅದರ ಪಾಲು ಪ್ರತಿ ಸಲವೂ ಬೇರೆ, ಉಳಿದ ಚೂರುಗಳು ಕಿರಣದ ಕೊಳವೆಯಲ್ಲೇ ಹೋಗಿಬಿಡುತ್ತವೆ. ಕಿರಣದ ದಿಕ್ಕಿನಲ್ಲಿ ಜಮಾಖರ್ಚು ತಾಳೆ ನೋಡುವ ಹಾಗೇ ಇಲ್ಲ. ಅಡ್ಡಕ್ಕೆ ಮಾತ್ರ ಆರಂಭದ ಮೊತ್ತ ಹೆಚ್ಚುಕಡಿಮೆ ಸೊನ್ನೆ.

ಕೂಡುವಾಗ ಸದಿಶವಾಗಿ, ಅಂದರೆ ದಿಕ್ಕನ್ನೂ ಲೆಕ್ಕಕ್ಕೆ ಹಿಡಿದು ಕೂಡಬೇಕು. x ಕಡೆಗೆ 400 ಜಿಇವಿ, y ಕಡೆಗೆ 100 ಜಿಇವಿ ಜೆಟ್ (ಕ್ವಾರ್ಕ್ ಅಥವಾ ಗ್ಲುವಾನ್‌ನಿಂದ ಒಂದೇ ದಿಕ್ಕಿಗೆ ಚಿಮ್ಮುವ ಕಣಗಳ ಗೊಂಚಲು) ಇದ್ದರೆ ಕಾಣೆಯಾದದ್ದು (−400, −100), ಅಂದರೆ 412 ಜಿಇವಿ. 500 ಅಲ್ಲ.

ಈಗ ಗೊಂದಲದ ಗಂಟು. ಕಪ್ಪುದ್ರವ್ಯದ ಜೋಡಿ ಮಾತ್ರ ಹುಟ್ಟಿತು ಅನ್ನಿ: ಒಂದಕ್ಕೆ +300, ಇನ್ನೊಂದಕ್ಕೆ −300. ಎರಡೂ ಮಾಯ, ಆದರೆ ಮೊತ್ತ ಸೊನ್ನೆ! ಕಳ್ಳತನವಾಗಿದೆ, ಲೆಕ್ಕ ಮಾತ್ರ ಸರಿಯಾಗಿದೆ. ಯಾವ ಡಿಕ್ಕಿಯನ್ನು ಉಳಿಸಬೇಕೆಂದು ಕ್ಷಣದಲ್ಲೇ ಆರಿಸುವ ಟ್ರಿಗರ್‌ಗೂ ಹಿಡಿಯಲು ಏನಿಲ್ಲ, ಘಟನೆ ದಾಖಲೇ ಆಗದು. ಡಿಕ್ಕಿಗೆ ಮುಂಚೆ ಒಳಬರುವ ಕ್ವಾರ್ಕ್ ಒಂದು ಗ್ಲುವಾನನ್ನು ಪಕ್ಕಕ್ಕೆ ಚಿಮ್ಮಿಸಿದರೆ ಜೋಡಿ ಎದುರು ದಿಕ್ಕಿಗೆ ತಳ್ಳಲ್ಪಡುತ್ತದೆ. ಆಗಷ್ಟೇ ಅಡ್ಡ ಸಂವೇಗದ ಕೊರತೆ ಕಾಣುತ್ತದೆ. ಆ ಗ್ಲುವಾನಿನ ಜೆಟ್ ಕಪ್ಪುದ್ರವ್ಯದಿಂದ ಬಂದದ್ದಲ್ಲ, ಅದು ಸಾಕ್ಷಿ ಮಾತ್ರ. ಈ ಒಂಟಿ ಜೆಟ್‌ನಿಂದಲೇ ಮೊನೊಜೆಟ್ ಎಂಬ ಹೆಸರು.

ಅಟ್ಲಾಸ್‌ನ 139 ವಿಲೋಮ ಫೆಮ್ಟೋಬಾರ್ನ್ (ಸಂಗ್ರಹಿಸಿದ ಡಿಕ್ಕಿಗಳ ಪ್ರಮಾಣದ ಅಳತೆ) ವಿಶ್ಲೇಷಣೆಯಲ್ಲಿ ಕೊರತೆ 200 ಜಿಇವಿ, ಮುಖ್ಯ ಜೆಟ್ 150 ಜಿಇವಿ ಮೀರಿರಬೇಕು, ಲೆಪ್ಟಾನ್ (ಎಲೆಕ್ಟ್ರಾನ್, ಮ್ಯುವಾನ್‌ನಂಥ ಕಣ) ಕಾಣಿಸಕೂಡದು. ಜೆಟ್‌ಗೂ ಕೊರತೆಗೂ ನಡುವೆ ಕನಿಷ್ಠ 0.4 ರೇಡಿಯನ್ ಕೋನ ಬೇಕು. ಜೆಟ್‌ನ ಶಕ್ತಿಯನ್ನು ಕಡಿಮೆ ಅಳೆದರೆ ಹುಟ್ಟುವ ಸುಳ್ಳು ಕೊರತೆ ಆ ಜೆಟ್‌ನ ದಿಕ್ಕಿಗೇ ತೋರಿಸುತ್ತದೆ.

ಇಷ್ಟು ಸೋಸಿದರೂ ಉಳಿಯುವ ದೊಡ್ಡ ತಲೆನೋವು Z ಬೋಸಾನ್ ಎಂಬ ಭಾರದ ಕಣ ನ್ಯೂಟ್ರಿನೊಗಳಾಗಿ ಒಡೆಯುವುದು; ನ್ಯೂಟ್ರಿನೊಗಳೂ ಡಿಟೆಕ್ಟರ್‌ಗೆ ಕಾಣವು. ಅದನ್ನು ಸೋಸಲಾಗದು, ಎಣಿಸಬೇಕು. ಉಪಾಯ ಸೊಗಸಾಗಿದೆ: Z ಎರಡು ಮ್ಯುವಾನ್ ಆದ ಘಟನೆ ಆರಿಸಿ, ಮ್ಯುವಾನ್‌ಗಳೇ ಇಲ್ಲವೆಂದು ನಟಿಸಿ, ಅವುಗಳ ಸಂವೇಗವನ್ನು ಕೊರತೆಗೆ ಸೇರಿಸುವುದು. Z ಶೇ. 20ರಷ್ಟು ನ್ಯೂಟ್ರಿನೊಗೆ, ಶೇ. 3.37ರಷ್ಟು ಮ್ಯುವಾನ್‌ಗೆ ಹೋಗುವುದರಿಂದ ಗುಣಕ ಸುಮಾರು 6. ಡಿಟೆಕ್ಟರ್‌ನಿಂದ ತಪ್ಪಿಸಿಕೊಂಡ ಮ್ಯುವಾನ್‌ಗಳ ತಿದ್ದುಪಡಿ ಮೊದಲು, ಗುಣಾಕಾರ ಆಮೇಲೆ. ಇದನ್ನು ಮರೆತರೆ ಹಿನ್ನೆಲೆ ಕಡಿಮೆಯಾಗಿ, ಇಲ್ಲದ ಕಪ್ಪುದ್ರವ್ಯ ಎದ್ದು ನಿಲ್ಲುತ್ತದೆ.

ಮ್ಯುವಾನ್ ಜೋಡಿ 1,000 ಸಿಕ್ಕರೆ ಎಣಿಕೆಯ ಅನಿಶ್ಚಿತತೆಯೇ ಶೇ. 3ರಷ್ಟು, ಅದಕ್ಕಿಂತ ಸಣ್ಣ ಸಂಕೇತ ಮುಳುಗಿಹೋಗುತ್ತದೆ. ಅದಕ್ಕೇ Zನ ಹತ್ತಿರದ ಸಂಬಂಧಿ W ಬೋಸಾನ್‌ನ ಘಟನೆಗಳನ್ನೂ ಸೇರಿಸುತ್ತಾರೆ. ಅವು ಹೇರಳ, ಆದರೆ W–Z ಅನುಪಾತವನ್ನು ಸಿದ್ಧಾಂತದಿಂದ ತರಬೇಕು, ಅದರ ಅನಿಶ್ಚಿತತೆಯೂ ಜೊತೆಗೇ ಬರುತ್ತದೆ.