ಕಾಫಿ ಕುಡಿದ ಕೀಬೋರ್ಡಿಗೆ ಅಕ್ಕಿ ಮದ್ದಲ್ಲ

ಪ್ರಶ್ನೆ: ಲ್ಯಾಪ್‌ಟಾಪ್ ಮೇಲೆ ಕಾಫಿ ಚೆಲ್ಲಿತು. ಎರಡು ದಿನ ಅಕ್ಕಿ ಡಬ್ಬದಲ್ಲಿ ಹೂತಿಟ್ಟಿದ್ದೆ. ಆದರೂ ನಾಲ್ಕೈದು ಕೀ ಕೆಲಸ ಮಾಡುತ್ತಿಲ್ಲ. ಇನ್ನೆರಡು ದಿನ ಇಡಲೇ?

ಬೇಡ. ಹೊರಗೆ ತೆಗೆಯಿರಿ.

ಈ ಪ್ರಶ್ನೆಗೆ ಎಷ್ಟನೇ ಸಲ ಉತ್ತರಿಸುತ್ತಿದ್ದೇನೋ ನನಗೇ ಲೆಕ್ಕ ತಪ್ಪಿದೆ. ಒಮ್ಮೆ ಕಾಫಿ, ಒಮ್ಮೆ ಟೀ, ಒಮ್ಮೆ ಮಗುವಿನ ಹಾಲು. ಅಕ್ಕಿ ಮಾತ್ರ ಬದಲಾಗುವುದಿಲ್ಲ.

ಉಪ್ಪಿನ ಡಬ್ಬಿಗೆ ನಾಲ್ಕು ಕಾಳು ಅಕ್ಕಿ ಹಾಕುವ ರೂಢಿ ಕೆಲವರಲ್ಲಿದೆ. ಅದನ್ನು ನೋಡಿ ಅಕ್ಕಿ ನೀರು ಹೀರುತ್ತದೆ ಅಂದುಕೊಂಡಿರಬೇಕು. ಆದರೆ ಒಣಗಿದ್ದು ಅಂತ ನಾವು ಕರೆಯುವ ಅಕ್ಕಿಯಲ್ಲೇ ಸುಮಾರು 12ರಿಂದ 14 ಪರ್ಸೆಂಟ್ ತೇವ ಇರುತ್ತದೆ. ಮಳೆಗಾಲದಲ್ಲಿ ಮೂಟೆಯೇ ಮುಗ್ಗಲು ಹಿಡಿಯುತ್ತದೆ, ಅಲ್ವಾ? ಅದು ಕೀಬೋರ್ಡಿನ ಒಳಗಿರುವ ನೀರನ್ನು ಹೇಗೆ ಎಳೆಯಬೇಕು? ತೊಳೆದ ಚೊಂಬಿಗೆ ಮುಚ್ಚಳ ಹಾಕಿ ಅಕ್ಕಿಯಲ್ಲಿ ಹೂತಿಡಿ. ನಾಳೆ ತೆಗೆದು ನೋಡಿ, ಒಳಗೆ ಹನಿ ಹಾಗೇ ಇರುತ್ತದೆ.

ಇನ್ನೊಂದು ವಿಷಯ. ಅಕ್ಕಿಯಲ್ಲಿ ಧೂಳು ಇರುತ್ತದೆ. ಧೂಳಿಗೆ ನೀರು ಸೇರಿದರೆ ಏನಾಗುತ್ತದೆ ಅಂತ ಸಂಡಿಗೆ ಹಿಟ್ಟು ಕಲಸಿದವರಿಗೆ ಹೇಳಬೇಕಿಲ್ಲ. ಒಮ್ಮೆ ಒಬ್ಬರ ಯುಎಸ್‌ಬಿ ಕಿಂಡಿಯಿಂದ ಅರ್ಧ ಕಾಳು ಸೋನಾ ಮಸೂರಿಯನ್ನು ಚಿಮಟಿಗೆಯಲ್ಲಿ ಕಿತ್ತಿದ್ದೇನೆ. ಒದ್ದೆ ಐಫೋನನ್ನು ಅಕ್ಕಿ ಚೀಲಕ್ಕೆ ಹಾಕಬೇಡಿ, ಅಕ್ಕಿಯ ಚೂರುಗಳಿಂದ ಹಾನಿಯಾಗಬಹುದು ಅಂತ ಆಪಲ್ ಕಂಪನಿಯೇ ಹೇಳುತ್ತದೆ.

"ನಮ್ಮ ಭಾವನ ಲ್ಯಾಪ್‌ಟಾಪ್ ಅಕ್ಕಿಯಿಂದಲೇ ಸರಿಯಾಯಿತು!" ಸರಿಯಾಗಿರಬಹುದು. ಎರಡು ದಿನ ಆನ್ ಮಾಡದೆ ಬಿಟ್ಟರು, ಒಣಗಿತು. ಮೇಜಿನ ಮೇಲೆ ಸುಮ್ನೆ ಬಿಟ್ಟಿದ್ದರೂ ಒಣಗುತ್ತಿತ್ತು. ಅವರ ಪುಣ್ಯಕ್ಕೆ ಬಿದ್ದಿದ್ದು ಬರೀ ನೀರು.

ನಿಮ್ಮದು ಕಾಫಿ. ನೀರು ಹಾರಿಹೋದರೂ ಸಕ್ಕರೆ, ಹಾಲಿನ ಜಿಡ್ಡು ಅಲ್ಲೇ ಕೂರುತ್ತವೆ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಕೀಗಳ ಕೆಳಗೆ ಮೂರು ತೆಳ್ಳನೆ ಪ್ಲಾಸ್ಟಿಕ್ ಹಾಳೆಗಳಿರುತ್ತವೆ. ಮೇಲಿನ ಮತ್ತು ಕೆಳಗಿನ ಹಾಳೆಗಳ ಮೇಲೆ ಕರೆಂಟು ಹರಿಯುವ ಸಣ್ಣ ಗೆರೆಗಳು. ಒಂದೇ ಗೆರೆಯಲ್ಲಿ ಹಲವು ಕೀಗಳು. ಗೆರೆ ತುಕ್ಕು ಹಿಡಿದು ಕಡಿದರೆ ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಕಾಣುವ ನಾಲ್ಕೈದು ಕೀ ಒಟ್ಟಿಗೇ ಹೋಗುತ್ತವೆ. ನಿಮ್ಮ ಕಥೆ ಇದೇ ಇರಬೇಕು. ಮೇಲಿಂದ ಎಷ್ಟು ಒರೆಸಿದರೂ ಪ್ರಯೋಜನವಿಲ್ಲ, ಕೀಬೋರ್ಡ್ ಬದಲಿಸಬೇಕು. ಒಂದೇ ಒಂದು ಕೀ ಅಂಟುತ್ತಿದ್ದರೆ ಮಾತ್ರ, ಪೂರ್ತಿ ಆಫ್ ಮಾಡಿ ಅದರ ಸುತ್ತ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ (ಬೇಗ ಆರುವ ಸ್ಪಿರಿಟ್) ಅದ್ದಿದ ಹತ್ತಿಕಡ್ಡಿ ಆಡಿಸಿ ನೋಡಿ.

ಅಂಗಡಿಗೆ ಹೋಗುವ ಮೊದಲು ಒಂದು ಯುಎಸ್‌ಬಿ ಕೀಬೋರ್ಡ್ ಚುಚ್ಚಿ ನೋಡಿ. ಅದರಲ್ಲೂ ಅದೇ ಕೀ ಸತ್ತಿದ್ದರೆ ತಪ್ಪು ಸಾಫ್ಟ್‌ವೇರಿನದು. ವಿಂಡೋಸ್‌ನಲ್ಲಿ ಬಲಗಡೆಯ ಶಿಫ್ಟನ್ನು 8 ಸೆಕೆಂಡ್ ಒತ್ತಿ ಹಿಡಿದರೆ ಫಿಲ್ಟರ್ ಕೀಸ್ ಆನ್ ಮಾಡಲೇ ಅಂತ ಕೇಳುತ್ತದೆ. ಅದು ಆನ್ ಆದರೆ ಥಟ್ಟನೆ ಒತ್ತಿದ ಕೀಗಳನ್ನು ಕಂಪ್ಯೂಟರ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಗೊತ್ತಿಲ್ಲದೆ ಯೆಸ್ ಅಂದವರು ಕೀಬೋರ್ಡ್ ಕೆಟ್ಟಿತು ಅಂತ ಅಂಗಡಿಗೆ ಓಡುತ್ತಾರೆ.

ಮುಂದಿನ ಸಲ ಚೆಲ್ಲಿದರೆ? ಚಾರ್ಜರ್ ಕಿತ್ತು, ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ, ತೆರೆದ ಪುಸ್ತಕ ಬೋರಲು ಹಾಕಿದ ಹಾಗೆ ಮಗುಚಿಡಿ. "ಆನ್ ಆಗುತ್ತಾ ನೋಡೋಣ" ಅನ್ನುವ ಆಸೆಯೇ ಜಾಸ್ತಿ ಹಾಳು ಮಾಡುವುದು. ಬ್ಯಾಟರಿ ಬಿಚ್ಚಬಲ್ಲ ರಿಪೇರಿಯವರ ಹತ್ತಿರ ಬೇಗ ಒಯ್ಯಿರಿ.

ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ಕನ್ನಡ ಟೈಪ್ ಮಾಡುವವರಿಗೆ ಎಫ್ ಕೀ ಹೋದರೆ ದೊಡ್ಡ ಫಜೀತಿ. ಕನ್ನಡ ಟೈಪಿಂಗ್ ತಂತ್ರಾಂಶ 'ನುಡಿ'ಯಲ್ಲಿ ಬಳಸುವ ಕೆ.ಪಿ. ರಾವ್ ಕೀಲಿ ವಿನ್ಯಾಸದಲ್ಲಿ ಒತ್ತು ಕೊಡುವುದು ಎಫ್. ಅದಿಲ್ಲದೆ 'ಅಮ್ಮ' ಅಂತ ಬರೆಯಲಿಕ್ಕೂ ಆಗದು, 'ಅಮಮ' ಆಗುತ್ತದೆ. ಇನ್‌ಸ್ಕ್ರಿಪ್ಟ್ ಅನ್ನುವ ಇನ್ನೊಂದು ಕೀಲಿ ವಿನ್ಯಾಸಕ್ಕೆ ಹೋದರೆ ಒತ್ತು ಡಿ ಕೀಯಲ್ಲಿ ಸಿಗುತ್ತದೆ, ಆದರೆ ಅಲ್ಲಿ ಎಫ್ ಅಂದರೆ ಗುಡಿಸು, ಅಂದರೆ 'ಕಿ'ಯಲ್ಲಿರುವ ಇಕಾರದ ಚಿಹ್ನೆ. ಈಗ ಅದು ಹೋಯಿತು! ಹೊಸ ಕೀಬೋರ್ಡ್ ಬರುವ ತನಕ ವಿಂಡೋಸ್‌ಗೆ ಮೈಕ್ರೋಸಾಫ್ಟಿನ ಪವರ್‌ಟಾಯ್ಸ್ ಅನ್ನುವ ತಂತ್ರಾಂಶ ಹಾಕಿಕೊಂಡು, ಅದರ ಕೀಬೋರ್ಡ್ ಮ್ಯಾನೇಜರಿನಲ್ಲಿ ಕ್ಯಾಪ್ಸ್ ಲಾಕನ್ನು ಎಫ್ ಮಾಡಿಕೊಳ್ಳಿ. ಎರಡು ದಿನದಲ್ಲಿ ಕಿರುಬೆರಳಿಗೆ ಅಭ್ಯಾಸವಾಗುತ್ತದೆ.